ಒಂದು ನಂಬರು ಕಡಿಮೆ

ಮಾನ್ಯ ಅಧ್ಯಕ್ಷರೇ, ಇಂದಿನ ಸನ್ಮಾನಕ್ಕೆ ಪಾತ್ರರಾಗಿ ವೇದಿಕೆಯ ನಡುವೆ ಕುಳಿತಿರುವ, ನಾವೆಲ್ಲ ಬಾಯಿತುಂಬ ಮೇಷ್ಟ್ರು ಎಂದೇ ಕರೆಯುವ ಗುರುಗಳೇ, ನನ್ನಂಥವನ ಕೈಗೆ ಮೈಕು ಕೊಡುವ ಧೈರ್ಯ ಮಾಡಿದ ಕಾರ್ಯದರ್ಶಿಗಳೇ, ಮತ್ತು ಮುಂದಿನ ಸಾಲನ್ನು ಖಾಲಿ ಬಿಟ್ಟು ಹಿಂದೆ ಹೋಗಿ ಕುಳಿತಿರುವ ಸಭಿಕರೇ,

ಎಲ್ಲರಿಗೂ ನಮಸ್ಕಾರ ಎಂದು ಈಗಲೇ ಹೇಳಿಬಿಟ್ಟರೆ ಕೊನೆಗೆ ಹೇಳಲು ಏನೂ ಉಳಿಯುವುದಿಲ್ಲ. ಆದ್ದರಿಂದ ಅದನ್ನು ಕೊನೆಗೇ ಇಟ್ಟುಕೊಳ್ಳುತ್ತೇನೆ.

ನನ್ನ ಪರಿಚಯ ಬೇಕಾಗಿಲ್ಲ. ಈ ಗ್ರಂಥಾಲಯದ ಎದುರಿಗಿರುವ ಕನ್ನಡಕದ ಅಂಗಡಿ ನನ್ನದು. ನಲವತ್ತು ವರ್ಷದಿಂದ ಇದೆ. ಹಾಗೆ ನೋಡಿದರೆ ಈ ಸಭೆಯಲ್ಲಿ ಅರ್ಧಕ್ಕರ್ಧ ಜನರ ಮೂಗಿನ ಮೇಲೆ ನಾನೇ ಕುಳಿತಿದ್ದೇನೆ. ಅಧ್ಯಕ್ಷರು ಈಗ ತಾನೇ ಮೇಷ್ಟ್ರ ಪುಸ್ತಕದಿಂದ ಒಂದು ಪುಟ ಓದಿದರಲ್ಲ, ಅದನ್ನು ಓದಿದ್ದು ನಾನು ಮಾಡಿಕೊಟ್ಟ ಕನ್ನಡಕದಿಂದ. ನಡುವೆ ಎರಡು ಕಡೆ ತಡವರಿಸಿದ್ದು ಮಾತ್ರ ಅವರ ಸ್ವಂತದ್ದು.

ಕಾರ್ಯದರ್ಶಿಗಳು ನನಗೆ ಐದು ನಿಮಿಷ ಕೊಟ್ಟಿದ್ದಾರೆ. ವಿಷಯ, 'ವ್ಯಕ್ತಿಯಾಗಿ ಮೇಷ್ಟ್ರು'. ವಿದ್ವಾಂಸರಾಗಿ ಮೇಷ್ಟ್ರು, ಗುರುಗಳಾಗಿ ಮೇಷ್ಟ್ರು ಇವೆರಡನ್ನೂ ದೊಡ್ಡವರು ಆಗಲೇ ಹಂಚಿಕೊಂಡಾಗಿದೆ. ವ್ಯಕ್ತಿ ಉಳಿದಿತ್ತು, ನನಗೆ ಬಂತು. ಆದರೆ ವ್ಯಕ್ತಿ ಎಂಬುದೇ ಇಲ್ಲ ಎಂದು ಇಪ್ಪತ್ತೆರಡು ವರ್ಷ ಪಾಠ ಹೇಳಿದವರ ಬಗ್ಗೆ, ವ್ಯಕ್ತಿಯಾಗಿ ಏನು ಹೇಳುವುದು? ಇನ್ ದಿಸ್ ಕನೆಕ್ಷನ್, ಎಂದು ನಮ್ಮ ಕಾಲೇಜಿನ ಭೌತಶಾಸ್ತ್ರದ ಲೆಕ್ಚರರೊಬ್ಬರು ಮಾತಿಗೊಮ್ಮೆ ಹೇಳುತ್ತಿದ್ದರು. ಯಾವ ಕನೆಕ್ಷನ್ ಎಂದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಇನ್ ದಿಸ್ ಕನೆಕ್ಷನ್, ನನ್ನ ಕೋಟಿನ ಈ ಜೇಬಿನಲ್ಲಿ ಒಂದು ಕನ್ನಡಕದ ಪೆಟ್ಟಿಗೆ ಇದೆ. ಮೇಷ್ಟ್ರಿಗಾಗಿ ತಂದದ್ದು. ಅದನ್ನು ಕೊಡಬೇಕಾದರೆ ಒಂದು ವಿಷಯ ಹೇಳಲೇಬೇಕು. ಹೇಳದೆ ಕೊಟ್ಟರೆ ಅದು ಉಡುಗೊರೆಯಾಗುತ್ತದೆ. ಅದು ಉಡುಗೊರೆಯಲ್ಲ. ಹೇಳಲೋ ಬೇಡವೋ ಎಂದು ಹತ್ತು ದಿನದಿಂದ ಒದ್ದಾಡಿದ್ದೇನೆ. ಈಗಲೂ ಒದ್ದಾಡುತ್ತಲೇ ಇದ್ದೇನೆ. ನೋಡೋಣ.

ಅಧ್ಯಕ್ಷರು ಓದಿದ ಪುಟವನ್ನೇ ತೆಗೆದುಕೊಳ್ಳಿ. ಅದು ನಿಮಗೆಲ್ಲ ಬಾಯಿಪಾಠವಾಗಿದೆ. ಹನ್ನೆರಡು ವರ್ಷದ ಹಿಂದೆ ಒಂದು ಗುರುವಾರ ಸಂಜೆ ಮೇಷ್ಟ್ರು ಪಾಠದ ನಡುವೆ ತಲೆ ಎತ್ತಿ ನೋಡುತ್ತಾರೆ. ಎದುರಿಗೆ ಕುಳಿತವರ ಮುಖಗಳಿಗೆ ಅಂಚೇ ಇಲ್ಲ. ಒಬ್ಬರ ಕೆನ್ನೆ ಎಲ್ಲಿ ಮುಗಿಯಿತು, ಪಕ್ಕದವರ ಕಿವಿ ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಎಲ್ಲರೂ ಒಂದೇ ಬೆಳಕಿನ ಮಡಿಕೆಗಳ ಹಾಗೆ ಕಾಣುತ್ತಾರೆ. 'ಅಲ್ಲಿಯವರೆಗೆ ಓದಿ ಹೇಳುತ್ತಿದ್ದದ್ದನ್ನು ಅಂದು ಕಂಡೆ' ಎಂದು ಬರೆದಿದ್ದಾರೆ. ಅದನ್ನು ಓದಿ ಕಣ್ಣೀರು ಹಾಕಿದವರಿದ್ದಾರೆ. ನಾನೂ ಹಾಕಿದೆ. ನನ್ನ ಕಣ್ಣೀರಿನ ಕಾರಣ ಬೇರೆ.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಕಾರ್ಯದರ್ಶಿಗಳು ಗಡಿಯಾರ ನೋಡಬಾರದು.

ನನ್ನ ಹೆಂಡತಿ ನಿಮಗೆ ಗೊತ್ತು. ಮೂರು ವರ್ಷವಾಯಿತು ತೀರಿಕೊಂಡು. ಅದಕ್ಕೆ ಮುಂಚೆ ಹದಿಮೂರು ವರ್ಷ, ಒಂದು ಗುರುವಾರವನ್ನೂ ತಪ್ಪಿಸದೆ ಸಂಜೆ ಆರಕ್ಕೆ ರಸ್ತೆ ದಾಟಿ, ಈ ಕಟ್ಟಡದ ಮಹಡಿ ಹತ್ತಿ, ಇದೇ ಕೋಣೆಯಲ್ಲಿ ಪಾಠ ಕೇಳಿದವಳು. ಮೊದಮೊದಲು ಕೂರುತ್ತಿದ್ದದ್ದು ಮೂರನೇ ಸಾಲಿನಲ್ಲಿ, ಕಿಟಕಿಯ ಪಕ್ಕ. ಮೇಷ್ಟ್ರ ಕ್ರಮ ನಿಮಗೆ ಗೊತ್ತಿದೆ. ಒಂದು ವಾರ ವೇದಾಂತ, ಒಂದು ವಾರ ಬೌದ್ಧ. ಒಂದು ವಾರ ಆತ್ಮವಿದೆ, ಅದೇ ಬ್ರಹ್ಮ, ಅದೊಂದೇ ಸತ್ಯ. ಮುಂದಿನ ವಾರ ಆತ್ಮ ಎಂಬುದೇ ಇಲ್ಲ, ಇರುವುದೆಲ್ಲ ಗಳಿಗೆಗಳಿಗೆ ಬದಲಾಗುವ ಹರಿವು. ಇದರ ಪರಿಣಾಮ ಅನುಭವಿಸಿದವನು ನಾನು. ಒಂದು ಶುಕ್ರವಾರ ಬೆಳಿಗ್ಗೆ ನಾನು ಬ್ರಹ್ಮ, ಮುಂದಿನ ಶುಕ್ರವಾರ ನಾನು ಇಲ್ಲವೇ ಇಲ್ಲ. ಕಾಫಿ ಮಾತ್ರ ಎರಡು ಶುಕ್ರವಾರವೂ ಆರಿರುತ್ತಿತ್ತು.

"ರೀ, ನೀವು ಅಂದ್ರೆ ಯಾರು ಹೇಳಿ ನೋಡೋಣ" ಎನ್ನುತ್ತಿದ್ದಳು.

"ನಾನಾ? ನಿನ್ನ ಗಂಡ."

"ಅದು ನನ್ನ ಲೆಕ್ಕದಲ್ಲಾಯ್ತು. ನಿಮ್ಮ ಲೆಕ್ಕದಲ್ಲಿ?"

"ಕನ್ನಡಕದ ಅಂಗಡಿಯವನು."

"ಅದು ಬೋರ್ಡಿನ ಲೆಕ್ಕ."

ಇದಕ್ಕೆ ನಾನು ಏನು ಹೇಳಬೇಕಿತ್ತು? "ಕಾಫಿ ಬಿಸಿ ಮಾಡ್ತೀಯಾ ಇಲ್ವಾ?" ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು. ನನ್ನನ್ನು ನೋಡಿ ನಕ್ಕಳೋ, ಮೇಷ್ಟ್ರು ಹೇಳಿದ್ದನ್ನು ನೆನೆದು ನಕ್ಕಳೋ ಎಂದು ನಾನು ದಿನವಿಡೀ ಗಾಜು ಉಜ್ಜುತ್ತ ಯೋಚಿಸುತ್ತಿದ್ದೆ.

ಒಂದು ದಿನ ಕೆಲಸದ ಮೇಜಿನ ಮೇಲೆ ಒಬ್ಬ ಗಿರಾಕಿಯ ಕನ್ನಡಕವನ್ನು ಪೂರ್ತಿ ಬಿಚ್ಚಿಟ್ಟಿದ್ದಳು. ಗಾಜು ಎರಡು, ಕಿವಿಗೆ ಹಾಕುವ ಕಡ್ಡಿ ಎರಡು, ಫ್ರೇಮು, ಸಾಸಿವೆಕಾಳಿನಷ್ಟು ಸ್ಕ್ರೂಗಳು. "ಬೌದ್ಧರು ಹಳೇ ಕಾಲದಲ್ಲಿ ರಥ ಬಿಚ್ಚಿ ಕೇಳ್ತಿದ್ರಂತೆ. ನಮ್ಮತ್ರ ರಥ ಇಲ್ಲ. ಇದ್ರಲ್ಲಿ ಕನ್ನಡಕ ಯಾವುದು ತೋರ್ಸಿ" ಎಂದಳು. ನಾನು ಎಂದೆ, "ಐದು ಗಂಟೆಗೆ ಆ ಮನುಷ್ಯ ಬರ್ತಾನೆ. ಅವನ ಕಣ್ಣಿಗೆ ಇದೇ ಪ್ರಶ್ನೆ ಹಾಕ್ತೀಯಾ?" ಸ್ಕ್ರೂ ಒಂದು ಕಳೆದುಹೋಗಿತ್ತು. ನೆಲದ ಮೇಲೆ ಮಂಡಿಯೂರಿ ಇಬ್ಬರೂ ಹುಡುಕಿದೆವು. ಆ ಅರ್ಧ ಗಂಟೆ ಅವಳು ನನ್ನ ಪಕ್ಕದಲ್ಲಿದ್ದಳು. ಬೌದ್ಧ ದರ್ಶನದಿಂದ ನನಗೆ ಆದ ಲಾಭ ಅಷ್ಟೇ.

ಜೋಕು ಸಾಕು. ಹೇಳಬೇಕಾದದ್ದಕ್ಕೆ ಬರುತ್ತೇನೆ.

ಒಂದು ಗುರುವಾರ ಅವಳು ಅಂಗಡಿಯ ಬೀಗದ ಕೈಯನ್ನು ತನ್ನ ಚೀಲದಲ್ಲೇ ಇಟ್ಟುಕೊಂಡು ಹೋಗಿಬಿಟ್ಟಳು. ಕೇಳಿ ತರೋಣವೆಂದು ಮಹಡಿ ಹತ್ತಿದೆ. ಬಾಗಿಲ ಹತ್ತಿರ ನಿಂತೆ. ಮೇಷ್ಟ್ರು, ನೋಡುವವನನ್ನು ನೋಡುವುದು ಹೇಗೆ, ಕಣ್ಣು ಎಲ್ಲವನ್ನೂ ಕಾಣುತ್ತದೆ, ತನ್ನನ್ನು ಮಾತ್ರ ಕಾಣದು ಎಂದು ಹೇಳುತ್ತಿದ್ದರು. ಕಣ್ಣಿನ ವಿಚಾರ! ನನ್ನ ಕಸುಬಿನ ವಿಚಾರ! ಹಾಗೆ ಹೇಳುತ್ತ ಹೇಳುತ್ತ ಮೂರನೇ ಸಾಲಿನ ಕಡೆ ನೋಡಿದರು. ನಾನೂ ನೋಡಿದೆ. ನನ್ನ ಹೆಂಡತಿಯ ಮುಖ ಕಂಡಿತು. ಸಭಿಕರೇ, ಮದುವೆಯಾಗಿ ಆಗ ಇಪ್ಪತ್ತೆಂಟು ವರ್ಷ. ಆ ಮುಖವನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಸುಂದರವಾಗಿತ್ತು ಎಂದು ಹೇಳುತ್ತಿಲ್ಲ. ಮುಖ ತೆರೆದಿತ್ತು. ಮಳಿಗೆಯ ಬಾಗಿಲು ತೆರೆದಿಟ್ಟ ಹಾಗೆ, ಯಾರು ಬೇಕಾದರೂ ಒಳಗೆ ಬರಬಹುದು ಎನ್ನುವ ಹಾಗೆ. ನಾನು ಬೀಗದ ಕೈ ಕೇಳದೆ ಇಳಿದು ಬಂದು, ಅವಳು ಬರುವವರೆಗೂ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದೆ.

ಹೊಟ್ಟೆಕಿಚ್ಚು ಎಂದರೆ ಹೊಟ್ಟೆಯಲ್ಲೇ ಇರುತ್ತದೆ ಎಂದು ಅಂದುಕೊಂಡಿದ್ದೆ. ಇಲ್ಲ, ಅದು ಕೈಬೆರಳಿಗೆ ಬರುತ್ತದೆ.

ಇದಾಗಿ ಒಂದು ತಿಂಗಳಿಗೆ ಮೇಷ್ಟ್ರೇ ನನ್ನ ಅಂಗಡಿಗೆ ಬಂದರು. ಅಲ್ಲಿಯ ಪದ್ಧತಿ ಸ್ವಲ್ಪ ಹೇಳಬೇಕು. ಒಳಗೆ ಪರದೆಯ ಹಿಂದೆ ಕತ್ತಲೆ ಕೋಣೆ, ಅಲ್ಲಿ ಪರೀಕ್ಷೆ. ಹೊರಗೆ ಮೇಜಿನ ಹತ್ತಿರ ನನ್ನ ಹೆಂಡತಿ, ಮುಂದೆ ಗಿರಾಕಿಯ ಕಾರ್ಡು. ನಾನು ಒಳಗಿನಿಂದ ನಂಬರು ಕೂಗುತ್ತೇನೆ, ಅವಳು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾಳೆ. ಎರಡು ಗಾಜು ಬದಲಾಯಿಸಿ ನೋಡಿ, ಕೊನೆಗೆ ನಿಂತ ನಂಬರನ್ನು ಮತ್ತೊಮ್ಮೆ ಕೂಗುತ್ತೇನೆ. ಅದನ್ನು ಅವಳು ಇಂಕಿನಲ್ಲಿ ಬರೆದು, ಪೆನ್ಸಿಲಿನದನ್ನು ರಬ್ಬರಿನಿಂದ ಅಳಿಸುತ್ತಾಳೆ. ನಲವತ್ತು ವರ್ಷದ ಕಾರ್ಡುಗಳಲ್ಲಿ ಅವಳು ಅಳಿಸದೆ ಬಿಟ್ಟದ್ದು ಒಂದೂ ಇಲ್ಲ ಎಂದು ತಿಳಿದಿದ್ದೆ.

ಮೇಷ್ಟ್ರನ್ನು ಕೂರಿಸಿ, ಮೂಗಿನ ಮೇಲೆ ಕಬ್ಬಿಣದ ಟ್ರಯಲ್ ಫ್ರೇಮು ಇಟ್ಟೆ. ಒಂದೊಂದೇ ಗಾಜು ಹಾಕಿ ಕೇಳಿದೆ, "ಇದು ಚೆನ್ನಾಗಿದೆಯಾ, ಇದು ಚೆನ್ನಾಗಿದೆಯಾ?"

"ಇದಲ್ಲ... ಇದೂ ಅಲ್ಲ... ನಿಮ್ಮದೂ ನಮ್ಮದೂ ಒಂದೇ ವಿಧಾನ ಕಣ್ರೀ" ಎಂದು ನಕ್ಕರು. ಆತ್ಮವನ್ನು ಹೇಳುವವರೂ ಹೀಗೆ ಇದಲ್ಲ, ಇದಲ್ಲ ಎನ್ನುತ್ತಲೇ ಹೋಗುತ್ತಾರಂತೆ. ಮೈನಸ್ ಒಂದೂಮುಕ್ಕಾಲಿಗೆ ಅವರ ಕಣ್ಣು ನಿಂತಿತು. ಕೂಗಿದೆ. ಹೊರಗೆ ಪೆನ್ಸಿಲಿನ ಸದ್ದು ಕೇಳಿತು.

"ಆಹಾ, ಕಡೇ ಸಾಲೂ ಕಾಣ್ತಾ ಇದೆ" ಎಂದರು ಮೇಷ್ಟ್ರು. ಅಷ್ಟಕ್ಕೆ ನಿಲ್ಲಿಸಬಾರದಿತ್ತೇ? ನಿಲ್ಲಿಸಲಿಲ್ಲ. "ಈಚೆಗೆ ಪಾಠದಲ್ಲಿ ತುಂಬ ಕಷ್ಟ ಆಗಿತ್ತು. ನಿಮ್ಮ ಮನೆಯವರ ಮುಖ ನೋಡಿದ್ರೆ ಸಾಕು ನನಗೆ, ಹೇಳಿದ್ದು ಅರ್ಥ ಆಯ್ತೋ ಇಲ್ವೋ ಗೊತ್ತಾಗಿಬಿಡುತ್ತೆ. ಹಳೇ ಕನ್ನಡಕದಲ್ಲಿ ಆ ಮುಖ ಸ್ವಲ್ಪ ಮಸುಕಾಗ್ತಾ ಇತ್ತು."

ಅವರು ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಹೇಳಿದರು. ನನಗೆ ಅಂದೂ ಗೊತ್ತಿತ್ತು, ಇಂದೂ ಗೊತ್ತಿದೆ. ಆದರೆ ನಾನು ಇಪ್ಪತ್ತೆಂಟು ವರ್ಷ ಆ ಹೆಂಗಸಿನ ಎದುರಿಗೆ ಕುಳಿತು ಮಾತಾಡಿದ್ದೇನೆ. ಹೇಳಿದ್ದು ಅವಳಿಗೆ ಅರ್ಥವಾಯಿತೋ ಎಂದು ಮುಖ ನೋಡಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ. ಇನ್ನೊಬ್ಬರಿಗೆ ಹೊಳೆದಿತ್ತು.

ನಾನು ಅಂತಿಮ ನಂಬರು ಕೂಗಿದೆ: "ಮೈನಸ್ ಮುಕ್ಕಾಲು."

ಒಂದು ನಂಬರು ಕಡಿಮೆ. ಹೊರಗೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಪೆನ್ನಿನ ಸದ್ದು.

ಅಷ್ಟು ಕಡಿಮೆ ಮಾಡಿದರೆ ಏನಾಗುತ್ತದೆ? ಎದುರಿನ ಮೇಜು, ಕೈಯಲ್ಲಿನ ಪುಸ್ತಕ, ಪಕ್ಕಕ್ಕೆ ಬಂದು ನಿಂತವರು ಸರಿಯಾಗಿಯೇ ಕಾಣುತ್ತಾರೆ. ಎರಡು ಮಾರು ಆಚೆಗೆ ಎಲ್ಲವೂ ಮೆತ್ತಗಾಗುತ್ತದೆ. ಮೂರನೇ ಸಾಲಿನಲ್ಲಿ ಮನುಷ್ಯರಿರುತ್ತಾರೆ, ಮುಖವಿರುವುದಿಲ್ಲ. "ಸ್ವಲ್ಪ ಮಸುಕು ಅನ್ನಿಸ್ತಿದೆಯಲ್ಲ" ಎಂದು ಕನ್ನಡಕ ತೆಗೆದುಕೊಳ್ಳುವಾಗ ಮೇಷ್ಟ್ರು ಕೇಳಿದರು. "ವಯಸ್ಸು ಸಾರ್. ಇಷ್ಟೇ ಬರೋದು. ಅಭ್ಯಾಸ ಆಗುತ್ತೆ" ಎಂದೆ.

ಈಗ ನಿಮಗೆ ಗೊತ್ತಾಯಿತು, ಅಧ್ಯಕ್ಷರು ಓದಿದ ಪುಟ ಎಲ್ಲಿ ತಯಾರಾಯಿತು ಎಂದು. ಆ ಅಂಚಿಲ್ಲದ ಮುಖಗಳು ನನ್ನ ಅಂಗಡಿಯ ಮಾಲು.

ಗಲಾಟೆ ಬೇಡ. ದಯವಿಟ್ಟು ಕುಳಿತುಕೊಳ್ಳಿ. ಮೇಷ್ಟ್ರೇ ನಗುತ್ತಿದ್ದಾರೆ, ನೀವೇಕೆ ಏಳುತ್ತೀರಿ?

ಪುಸ್ತಕ ಬಂದಾಗ ಹೋದ ವರ್ಷ ಅದನ್ನು ಓದಿ ನನಗೆ ಏನನಿಸಿತು ಬಲ್ಲಿರಾ? ನಾಚಿಕೆಯಾಯಿತು ಎಂದರೆ ಸುಳ್ಳು. ಇನ್ನಷ್ಟು ಹೊಟ್ಟೆ ಉರಿಯಿತು. ಅನ್ಯಾಯ ಮಾಡಿದವನು ನಾನು, ಜ್ಞಾನ ಬಂದದ್ದು ಅವರಿಗೆ! ನನ್ನ ಎರಡು ಕಣ್ಣಿಗೂ ಕರಾರುವಾಕ್ಕು ನಂಬರಿದೆ, ನನಗೆ ಏನೂ ಕಂಡಿಲ್ಲ. ಎಲ್ಲವೂ ಒಂದೇ ಎಂದು ವೇದಾಂತ ಹೇಳುತ್ತದಲ್ಲ, ಹಾಗಾದರೆ ನನ್ನ ಹೆಂಡತಿ ಅಷ್ಟು ತೆರೆದ ಮುಖದಿಂದ ನೋಡುತ್ತಿದ್ದದ್ದು ನನ್ನನ್ನೇ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಆನ್ ದಿ ಅದರ್ ಹ್ಯಾಂಡ್, ಬೌದ್ಧರು ಹೇಳುವಂತೆ ನಾನು ಎಂಬುದೇ ಇಲ್ಲ ಎಂದುಕೊಂಡೆ. ಹಾಗಾದರೆ ಉರಿಯುತ್ತಿರುವ ಹೊಟ್ಟೆ ಯಾರದ್ದು? ಇದನ್ನು ಮೇಷ್ಟ್ರನ್ನು ಕೇಳಬಹುದಿತ್ತು. ಅವರನ್ನು ಹೇಗೆ ಕೇಳುವುದು?

ಆಮೇಲೆ ಅವಳಿದ್ದ ಒಂಬತ್ತು ವರ್ಷದಲ್ಲಿ ಮೇಷ್ಟ್ರು ನಾಲ್ಕು ಸಲ ಅಂಗಡಿಗೆ ಬಂದರು. "ಫ್ರೇಮು ಸರಿ ಇಲ್ಲ" ಎನ್ನುತ್ತಿದ್ದರು. ಫ್ರೇಮು ಸರಿಯಾಗಿಯೇ ಇರುತ್ತಿತ್ತು. ಆದರೂ ಅದೇ ಕುರ್ಚಿಯಲ್ಲಿ ಕುಳಿತು ಸುಮ್ಮನೆ ನನ್ನನ್ನು ನೋಡುತ್ತಿದ್ದರು. ನಾನು ಹೊರಗೆ ಕೂಗುತ್ತಿದ್ದೆ, "ಹಳೇ ನಂಬರು ಓದು." ಒಂದು ಕ್ಷಣ ಬಿಟ್ಟು ಅವಳು ಓದುತ್ತಿದ್ದಳು, "ಮುಕ್ಕಾಲು." "ಅದನ್ನೇ ಹಾಕು" ಎನ್ನುತ್ತಿದ್ದೆ. ನಾಲ್ಕು ಸಲವೂ ಹಾಗೆಯೇ. ಆ ಒಂದು ಕ್ಷಣದಲ್ಲಿ ಏನಿತ್ತು ಎಂದು ನಾನು ಕೇಳಿಕೊಳ್ಳಲಿಲ್ಲ.

ಅವಳು ಹೋದ ಮೇಲೆ ಮೇಷ್ಟ್ರು ಮೊದಲ ಸಲ ಬಂದದ್ದು ಹತ್ತು ದಿನದ ಹಿಂದೆ. "ಸನ್ಮಾನ ಅಂತೆ, ಫ್ರೇಮು ಸ್ವಲ್ಪ ಸಡಿಲ" ಎಂದು ನಗುತ್ತ ತಾವೇ ಒಳಗೆ ಹೋಗಿ ಕತ್ತಲೆ ಕೋಣೆಯಲ್ಲಿ ಕುಳಿತರು. ಹೊರಗೆ ನಾನು ಡ್ರಾಯರು ತೆಗೆದೆ. ಮೇಷ್ಟ್ರ ಕಾರ್ಡನ್ನು ನನ್ನ ಕೈಯಾರೆ ತೆಗೆದದ್ದು ಅದೇ ಮೊದಲು.

ಇಂಕಿನಲ್ಲಿ ಮುಕ್ಕಾಲು. ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದೂಮುಕ್ಕಾಲು.

ಅಳಿಸಿರಲಿಲ್ಲ. ಬರಬರುತ್ತ ಮಾಸಿಹೋಗಬಾರದೆಂದು ಅದರ ಮೇಲೇ ಮತ್ತೆ ಮತ್ತೆ ತಿದ್ದಿದ್ದಳು. ಎಷ್ಟು ಸಲವೋ, ಕಾಗದ ಹಳ್ಳ ಬಿದ್ದಿತ್ತು. ಬೆರಳಾಡಿಸಿದರೆ ತಿಳಿಯುತ್ತಿತ್ತು.

ಪರದೆಯ ಹಿಂದಿನಿಂದ ಮೇಷ್ಟ್ರು ಕೇಳಿದರು, "ಕಾರ್ಡು ಸಿಕ್ತಾ?"

"ಸಿಕ್ತು ಸಾರ್."

"ಯಾವುದು ಓದ್ತೀರಿ? ಇಂಕಿಂದಾ, ಪೆನ್ಸಿಲಿಂದಾ?"

ನಾನು ಪರದೆ ಸರಿಸಿ ಒಳಗೆ ಹೋಗಿ ಅವರ ಎದುರಿನ ಸ್ಟೂಲಿನ ಮೇಲೆ ಕುಳಿತೆ. ಅವರು ಹೇಳಿದರು, ನಾನು ಆ ಕನ್ನಡಕ ಕೊಟ್ಟ ಎರಡನೇ ವಾರವೇ ನನ್ನ ಹೆಂಡತಿ ಪಾಠಕ್ಕೆ ಅರ್ಧ ಗಂಟೆ ಮುಂಚೆ ಬಂದಳಂತೆ. ಅವಳ ಮಾತನ್ನು ಅವರು ಹೇಳಿದ ಹಾಗೆಯೇ ಒಪ್ಪಿಸುತ್ತೇನೆ:

"ಸಾರ್, ನಿಮ್ಮ ಕನ್ನಡಕದಲ್ಲಿ ಒಂದು ನಂಬರು ಕಡಿಮೆ ಇದೆ. ನಮ್ಮವರು ಬೇಕೂಂತಲೇ ಮಾಡಿದ್ದಾರೆ. ಬೇರೆ ಅಂಗಡಿಗೆ ಮಾತ್ರ ಹೋಗ್ಬೇಡಿ. ಹೋದ್ರೆ ನಿಮ್ಮ ಕಣ್ಣು ಸರಿ ಹೋಗುತ್ತೆ, ಅವರದ್ದು ಹಾಗೇ ಉಳಿಯುತ್ತೆ. ಅವರೇ ಸರಿ ಮಾಡ್ಲಿ, ಸರಿಯಾದ ನಂಬರು ಕಾರ್ಡಿನಲ್ಲಿ ಪೆನ್ಸಿಲಲ್ಲಿ ಹಾಗೇ ಬಿಟ್ಟಿದ್ದೀನಿ. ಎಂಟು ದಿನಕ್ಕಿಂತ ಹೆಚ್ಚು ತಡ್ಕೊಳ್ಳೋ ಜೀವ ಅಲ್ಲ ಅದು. ಅಲ್ಲೀವರೆಗೂ ನಾನೇ ಮುಂದಿನ ಸಾಲಿಗೆ ಬಂದು ಕೂತ್ಕೋತೀನಿ."

ಎಂಟು ದಿನ! ಒಂಬತ್ತು ವರ್ಷ ಮುಂದಿನ ಸಾಲಿನಲ್ಲಿ ಕುಳಿತಳು. ಯಾರನ್ನು ಎರಡು ಸಾಲು ದೂರ ಮಾಡಬೇಕೆಂದು ನಾನು ಪಾಪ ಕಟ್ಟಿಕೊಂಡೆನೋ ಅವಳನ್ನು ಎರಡು ಸಾಲು ಹತ್ತಿರಕ್ಕೆ ಕಳಿಸಿದವನೂ ನಾನೇ. ರಸ್ತೆಯ ಈಚೆಗೆ ಕುಳಿತು ನಾನು, ಇವರಿಬ್ಬರ ನಡುವೆ ಏನೋ ಗುಟ್ಟಿದೆ, ಏನೋ ಗುಟ್ಟಿದೆ ಎಂದು ಬೇಯುತ್ತಿದ್ದೆ. ನನ್ನ ಊಹೆ ಸುಳ್ಳಲ್ಲ ಸಭಿಕರೇ. ಗುಟ್ಟಿತ್ತು. ಆ ಗುಟ್ಟು ನಾನು.

"ಅವಳು ಹೋದ ಮೇಲೂ ಯಾಕೆ ಸಾರ್ ಹಾಕ್ಕೊಂಡ್ರಿ?" ಎಂದು ಕೇಳಿದೆ.

"ಮಾತು ಕೊಟ್ಟಿದ್ದೆನಲ್ಲ" ಎಂದರು.

ಇದನ್ನು ಕೇಳಿ ಎಂಥವನ ಹೊಟ್ಟೆಯೂ ತಣ್ಣಗಾಗಬೇಕು. ನನ್ನದು ಆಗಲಿಲ್ಲ. ಅವಳು ಒಂದು ಮಾತು ಕೇಳಿದಳು, ಅದಕ್ಕಾಗಿ ಈ ಮನುಷ್ಯ ಹನ್ನೆರಡು ವರ್ಷ ಮಸುಕಿನಲ್ಲಿ ಕುಳಿತ. ನಾನೋ, ಕಾಫಿ ನೀವೇ ಬಿಸಿ ಮಾಡಿಕೊಳ್ಳಿ ಎಂದು ಅವಳು ಹೇಳಿದರೂ ಏಳುತ್ತಿರಲಿಲ್ಲ.

"ಹಾಗಾದ್ರೆ ಪುಸ್ತಕದ ಆ ಪುಟ?" ಎಂದೆ. ಕೊನೆಯ ಬಾಣ ಅದು. ಮೇಷ್ಟ್ರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಮೊದಲ ವಾರ ಕಂಡಾಗ ಅದು ನಿಮ್ಮ ಗಾಜು ಅಂತ ಗೊತ್ತಿರ್ಲಿಲ್ಲ. ಎರಡನೇ ವಾರ ಗೊತ್ತಾಯ್ತು. ಗೊತ್ತಾದ್ಮೇಲೂ ಕಂಡದ್ದು ಸುಳ್ಳಾಯ್ತಾ ಅಂತ ಹತ್ತು ವರ್ಷ ಯೋಚ್ನೆ ಮಾಡ್ದೆ. ಅಂಚು ಕಾಣೋ ಕಣ್ಣಿಗೂ ಒಂದು ಗಾಜು ಇದ್ದೇ ಇರುತ್ತಲ್ರೀ. ನಿಮ್ಮ ಕಣ್ಣಿಗೆ ಯಾರು ಹಾಕಿದ್ದು ಅಂತ ನಿಮಗೆ ಗೊತ್ತಾ?"

ಕಾಲೇಜಿನಲ್ಲಿ ಒಂದೂವರೆ ವರ್ಷ ಮಾತ್ರ ಓದಿದವನು ನಾನು. ಅಲ್ಲಿ ಕಲಿತದ್ದರಲ್ಲಿ ಒಂದು ಸಾಲು ನೆನಪಿದೆ: ಎ ರಿಯಲ್ ಇಮೇಜ್ ಕ್ಯಾನ್ ಬಿ ಕಾಟ್ ಆನ್ ಎ ಸ್ಕ್ರೀನ್. ನಿಜ ಬಿಂಬವನ್ನು ಪರದೆಯ ಮೇಲೆ ಹಿಡಿಯಬಹುದು. ಇನ್ನೊಂದು ಬಗೆಯ ಬಿಂಬವಿದೆ, ವರ್ಚುವಲ್ ಇಮೇಜ್. ಅದರ ಮುಂದಿನ ವಾಕ್ಯ ಮರೆತಿದೆ. ಅದನ್ನು ಹಿಡಿಯಲಾಗುವುದಿಲ್ಲ, ಆದರೆ ಕಾಣುತ್ತದೆ ಎಂದು ಏನೋ. ಆತ್ಮ ಯಾವ ಬಗೆಯದೆಂದು ಮೇಷ್ಟ್ರು ಹೇಳಬೇಕು. ನನ್ನ ಹೆಂಡತಿ ಈಗ ಯಾವ ಬಗೆಯವಳೆಂದು ನನಗೆ ಗೊತ್ತು. ಬಾಗಿಲಲ್ಲಿ ನಿಂತು ನೋಡಿದ ಆ ಮುಖ ದಿನವೂ ಕಾಣುತ್ತದೆ. ನನ್ನ ಕಡೆಗೆ ತಿರುಗಿರುವುದಿಲ್ಲ.

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. ಓದುವುದಿಲ್ಲ, ಏನಿದೆ ಎಂದು ಗೊತ್ತು.

ಅಂದೇ ಮೇಷ್ಟ್ರ ಕಣ್ಣನ್ನು ಮೊದಲಿಂದ ಪರೀಕ್ಷೆ ಮಾಡಿದೆ. ಈಗ ಮೈನಸ್ ಎರಡು. ಹೊರಗೆ ಬರೆದುಕೊಳ್ಳುವವರು ಯಾರೂ ಇರಲಿಲ್ಲ, ಆದರೂ ಅಭ್ಯಾಸಬಲದಿಂದ ಗಟ್ಟಿಯಾಗಿ ಕೂಗಿದೆ. ಆಮೇಲೆ ನಾನೇ ಹೊರಗೆ ಬಂದು ಇಂಕಿನಲ್ಲಿ ಬರೆದೆ. ಪೆನ್ಸಿಲಿನದನ್ನು ಅಳಿಸಲು ರಬ್ಬರು ಕೈಗೆ ತೆಗೆದುಕೊಂಡೆ. ಪದ್ಧತಿ ಎಂದರೆ ಪದ್ಧತಿ. ಅಳಿಸಲಿಲ್ಲ.

ಗಾಜನ್ನು ನನ್ನ ಕೈಯಲ್ಲೇ ಉಜ್ಜಿ ಕೂರಿಸಿದ್ದೇನೆ. ಇಗೋ, ಇದೇ ಪೆಟ್ಟಿಗೆ. ಮೇಷ್ಟ್ರೇ, ಕೊಡುವಾಗ ಕ್ಷಮಿಸಿ ಎನ್ನಬೇಕೆಂದು ಬರೆದುಕೊಂಡು ಬಂದಿದ್ದೆ. ಆ ಮಾತು ಬಾಯಿಗೆ ಬರುತ್ತಿಲ್ಲ. ಇನ್ನೂ ಸ್ವಲ್ಪ ಕಿಚ್ಚು ಉಳಿದಿದೆ, ಅದು ಪೂರ್ತಿ ಹೋದ ದಿನ ಮಹಡಿ ಹತ್ತಿ ಬಂದು ಹೇಳುತ್ತೇನೆ. ಇಂದಿಗೆ ಇದನ್ನು ತೆಗೆದುಕೊಳ್ಳಿ. ಹಳೆಯದನ್ನು ನನಗೆ ಕೊಡಿ. ಅದು ನನಗೆ ಬೇಕು.

ಹಾಕಿಕೊಂಡಿರಾ? ಕಿವಿಯ ಹಿಂದೆ ಒತ್ತುತ್ತಿಲ್ಲವಷ್ಟೆ?

ಇನ್ನು ನಾನು ಕೆಳಗೆ ಇಳಿಯುತ್ತೇನೆ. ಇಳಿದು ಮೂರನೇ ಸಾಲಿನಲ್ಲಿ, ಕಿಟಕಿಯ ಪಕ್ಕದ ಆ ಕುರ್ಚಿಯಲ್ಲಿ ಹೋಗಿ ಕೂರುತ್ತೇನೆ. ಅಲ್ಲಿ ಚೀಲ ಇಟ್ಟಿರುವವರು ದಯವಿಟ್ಟು ತೆಗೆಯಬೇಕು. ಮುಂದಿನ ಮಾತು ಮೇಷ್ಟ್ರದು. ನೀವು ಮಾತಾಡಿ, ಸಾರ್. ಆತ್ಮವಿದೆ ಎಂದರೂ ಸರಿ, ಇಲ್ಲವೆಂದರೂ ಸರಿ. ಮಾತಿನ ನಡುವೆ ಒಮ್ಮೆ ತಲೆ ಎತ್ತಿ ನನ್ನ ಮುಖ ನೋಡಿ. ಅರ್ಥವಾಯಿತೋ ಇಲ್ಲವೋ ನಿಮಗೆ ಅಲ್ಲಿಂದಲೇ ಕಾಣುತ್ತದೆ. ಸರಿಯಾದ ನಂಬರೇ ಹಾಕಿದ್ದೇನೆ.

ಐದು ನಿಮಿಷವನ್ನು ಇಷ್ಟು ಉದ್ದ ಮಾಡಲು ಬಿಟ್ಟ ಅಧ್ಯಕ್ಷರಿಗೂ, ಎದ್ದು ಹೋಗದ ನಿಮಗೂ, ಅಳಿಸದೆ ಬಿಟ್ಟವಳಿಗೂ ಋಣಿಯಾಗಿದ್ದೇನೆ. ಕೊನೆಗೆಂದು ಇಟ್ಟುಕೊಂಡದ್ದನ್ನು ಈಗ ಹೇಳುತ್ತೇನೆ.

ನಮಸ್ಕಾರ.